ನೀರು ಕೊಟ್ಟ ಕೈ

ಬೇಟೆ ಚಾಕು ಬೇಕು ಅಂತ ನಮ್ಮ ಕುಲುಮೆಗೆ ಬಂದವರು ಬಂದದ್ದೇ ಅರಣ್ಯ ಇಲಾಖೆಯ ಜೀಪಿನಲ್ಲಿ. ನಮ್ಮ ತಾಳವಾಡಿಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಹುಲಿ ಇರುವ ಕಾಡಿನ ಮಗ್ಗುಲಲ್ಲಿ ಕೂತು ಬೇಟೆ ಚಾಕು ಬಡಿಯುತ್ತೇವೆ ಅಂದರೆ ಸೀದಾ ಲಾಕಪ್ಪು. ನಾನು ಸಮ್ಮಟಿಯನ್ನು ಕೆಳಗಿಟ್ಟು, "ಅಂಥದ್ದೆಲ್ಲ ನಾವು ಮಾಡಕ್ಕಿಲ್ಲ ಸಾ. ಕುಡ್ಲು, ಮಚ್ಚು, ಗುದ್ಲಿ, ಅಷ್ಟೇಯ" ಅಂದುಬಿಟ್ಟೆ. ಬಂದವರು ನಕ್ಕರು. ಅವರು ಕಾಡುಪ್ರಾಣಿಗಳ ಡಾಕ್ಟರು. ಸತ್ತ ಆನೆಯನ್ನು ಕೊಯ್ದು, ಯಾತರಿಂದ ಸತ್ತಿತು ಅಂತ ಬರೆದುಕೊಡುವುದು ಅವರ ಕೆಲಸ.

ಟವೆಲಿನಲ್ಲಿ ಸುತ್ತಿ ತಂದಿದ್ದ ಚಾಕುವನ್ನು ಬಿಚ್ಚಿ ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲಿಟ್ಟರು. ಗೇಣಿಗಿಂತ ಎರಡು ಬೆರಳು ಕಮ್ಮಿ ಉದ್ದ, ಹೊಟ್ಟೆ ಉಬ್ಬಿದ ಅಲಗು, ಯಾವುದೋ ದೇಶದ ಬೇಟೆಗಾರರು ತೊಗಲು ಬಿಡಿಸಲು ಇಟ್ಟುಕೊಳ್ಳುವ ಮಾದರಿ. ಅಂಚು ಇಲಿ ಕಡಿದಂತೆ ಆಗಿತ್ತು. ತಾಳಮಲೆಯ ಕಡೆ ಒಂದು ಹೆಣ್ಣಾನೆಯನ್ನು ಅದರಲ್ಲೇ ಕೊಯ್ದು ಬಂದಿದ್ದರು.

"ಆನೆ ತೋಲು ಅಂದ್ರೆ ಬರೀ ತೋಲು ಇಲ್ಲಮ್ಮ" ಅಂದರು ಡಾಕ್ಟರು, ತಮಿಳು ಬೆರೆಸಿದ ಕನ್ನಡದಲ್ಲಿ. "ಮಣ್ಣು, ಮರಳು ಎಲ್ಲಾ ಅದರ ಸುಕ್ಕಿನ ಒಳಗೆ ಇರುತ್ತೆ. ಒಂದು ಮೊಳ ಕೊಯ್ಯೋದ್ರೊಳಗೆ ಚಾಕು ಮೊಂಡು. ಒಬ್ಬ ಕೊಯ್ದ್ರೆ ಮೂರು ಜನ ಮಸೀತಾ ಕೂರಬೇಕು. ಅಷ್ಟರಲ್ಲಿ ಒಳಗೆ ಇರೋದೆಲ್ಲ ಕೊಳೆತು ನೀರಾಗುತ್ತೆ. ಅಂಚು ನಿಲ್ಲಬೇಕು, ಮೂಳೆಗೆ ತಾಗಿದ್ರೆ ಚಕ್ಕೆ ಏಳಬಾರದು. ಯಾವ ಸ್ಟೀಲು ಅಂತ ನೀವೇ ಸೊಲ್ಲುಂಗ."

ನನ್ನ ಗಂಡ ಚಾಕುವನ್ನು ಮೂಗಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಇದರ ಉಕ್ಕೇ ಸರಿಯಿಲ್ಲ ಸಾ. ಸರಿಯಾದ ಉಕ್ಕು ಉಡುಕಿ ಮಾಡ್ಕೊಡ್ತೀನಿ ಬುಡಿ" ಅಂದ.

ಆ ವರ್ಷ ಅವನ ಬಾಯಲ್ಲಿ ಅದೇ ಮಾತು. ಕುಡುಗೋಲು ಮೊಂಡಾಯಿತು ಅಂತ ಒಬ್ಬರು, ಮಚ್ಚಿನ ಅಂಚು ಸೀಳಿತು ಅಂತ ಇನ್ನೊಬ್ಬರು ವಾರಕ್ಕೊಮ್ಮೆ ತಂದು ಬಿಸಾಡಿ ಹೋಗುತ್ತಿದ್ದರು. ಅವನು ಪ್ರತಿ ಸಲವೂ ಉಕ್ಕಿನ ಮೇಲೆ ಹಾಕುತ್ತಿದ್ದ. ಈಗಿನ ಗಾಡಿ ಪಟ್ಟಾ ಕಳಪೆ, ಈಗಿನ ಅರ ಬರೀ ತಗಡು, ಈಗಿನ ಗುಜರಿಯವನು ಕಳ್ಳ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಅವನನ್ನು ಕುಣಿಯಲಾರದವನು ಅನ್ನುವ ಧೈರ್ಯ ನನಗಾಗಲಿ ಊರಿಗಾಗಲಿ ಇರಲಿಲ್ಲ. ಯಾಕೆಂದರೆ ಅವನು ನೀರು ಕೊಡುವವನು.

ನೀರು ಕೊಡುವುದು ಅಂದರೆ ಹದ ಹಾಕುವುದು. ಕಬ್ಬಿಣ ಬಡಿಯುವುದು ಯಾರ ತೋಳಿಗಾದರೂ ಬರುತ್ತದೆ. ಮದುವೆಯಾಗಿ ಬಂದ ಮರುವಾರದಿಂದ ಸಮ್ಮಟಿ ಹೊಡೆದವಳು ನಾನೇ. ನನ್ನ ಬಲಗಡೆಯ ಭುಜ ಎಡಗಡೆಗಿಂತ ಒಂದು ಬೆರಳು ಇಳಿದಿದೆ. ಆದರೆ ಅಲಗನ್ನು ಎಷ್ಟು ಕಾಯಿಸಬೇಕು, ಯಾವ ಗಳಿಗೆಯಲ್ಲಿ ಅದ್ದಬೇಕು, ಆಮೇಲೆ ಮತ್ತೆ ಬಿಸಿ ಮಾಡಿ ಬಿರುಸು ಎಷ್ಟು ಇಳಿಸಬೇಕು ಅನ್ನುವುದು ನಮ್ಮ ಮನೆಯಲ್ಲಿ ಹಿರೀ ಗಂಡಸಿನ ಕೈಯದು. ಅಲಗು ಅದ್ದುವ ನೀರಿನ ಬಾನಿಯನ್ನು ಹೆಂಗಸು ಮುಟ್ಟುವಂತಿಲ್ಲ, ಅವಳ ನೆರಳು ಅದರ ಮೇಲೆ ಬೀಳುವಂತಿಲ್ಲ. ಇನ್ನೊಂದು ಕಟ್ಟುಪಾಡು ಇತ್ತು. ಬಣ್ಣ ಓಡುವಾಗ ಯಾರೂ ಮಾತಾಡಬಾರದು. ಅದ್ದಿ ತೆಗೆದ ಅಲಗನ್ನು ಇಟ್ಟಿಗೆ ಚೂರಿನಿಂದ ಉಜ್ಜಿ ಹೊಳಪು ಬರಿಸಿ, ಕಾದ ದಪ್ಪ ತಗಡಿನ ಮೇಲೆ ಇಟ್ಟರೆ ಬಣ್ಣಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲು ಒಣಹುಲ್ಲು, ಆಮೇಲೆ ಬೆಲ್ಲ, ಆಮೇಲೆ ನೇರಳೆ, ಕೊನೆಗೆ ನೀಲಿ. ಹುಲ್ಲಿನ ಬಣ್ಣದಲ್ಲಿ ತೆಗೆದರೆ ಅಲಗು ಗಟ್ಟಿ, ನೀಲಿಗೆ ಬಿಟ್ಟರೆ ಮೆತ್ತಗೆ. "ಬಂತು" ಅಂತಲೋ "ಸಾಕು" ಅಂತಲೋ ಬಾಯಿಬಿಟ್ಟರೆ ದೃಷ್ಟಿ ತಾಗುತ್ತದೆ ಅಂತ ನಮ್ಮ ಮಾವ ಹೇಳುತ್ತಿದ್ದರು. ಹಾಗಾಗಿ ಇಪ್ಪತ್ತು ವರ್ಷ ನಾನು ಆ ಬಣ್ಣಗಳನ್ನು ಬಾಯಿ ಮುಚ್ಚಿಕೊಂಡು ನೋಡಿದ್ದೆ.

ಮೊದಲು ಅವನು ಜೀಪಿನ ಪಟ್ಟಾ ಆರಿಸಿದ. ಚಕ್ರದ ಮೇಲೆ ಬಿಲ್ಲಿನ ಹಾಗೆ ಬಾಗಿರುತ್ತದಲ್ಲ, ಆ ಪಟ್ಟಿ. ಸಾಣೆಗೆ ತಾಗಿಸಿದರೆ ಕಿಡಿ ಉದ್ದಕ್ಕೆ ಹೋಗಿ ತುದಿಯಲ್ಲಿ ಸ್ವಲ್ಪ ಕವಲೊಡೆಯುತ್ತದೆ. ಬಾಗುತ್ತದೆ, ಮುರಿಯುವುದಿಲ್ಲ, ತಪ್ಪು ಮಾಡಿದರೂ ಕ್ಷಮಿಸುವ ಉಕ್ಕು. ಪರೀಕ್ಷೆಗೆ ಒಂದು ಮುದಿ ಎತ್ತಿನ ತೊಗಲು ತಂದು ನೆನೆಸಿ, ಕೆಮ್ಮಣ್ಣು ಮರಳು ತಿಕ್ಕಿ, ಹಲಗೆಗೆ ಮೊಳೆ ಹೊಡೆದು ಬಿಗಿದೆವು. ಒಂದೊಂದು ಗೇಣಿನ ಗೀಟು ಎಳೆಯುವುದು, ಎಷ್ಟನೆಯ ಗೀಟಿಗೆ ಚಾಕು ಜಾರುತ್ತದೆ ಅಂತ ಎಣಿಸುವುದು. ಪಟ್ಟಾದ ಚಾಕು ಏಳನೆಯ ಗೀಟಿಗೆ ಜಾರಿತು. ಉಗುರಿನಿಂದ ಸವರಿದರೆ ಅಂಚು ಒಂದು ಕಡೆಗೆ ಮಡಚಿಕೊಂಡಿತ್ತು.

"ನೋಡ್ದಾ? ಪಟ್ಟಾ ಮಾಲು ಎಂಗದೆ ಅಂತ. ಗಂಜಿ ಇದ್ದಂಗದೆ" ಅಂದ.

ಆದರೆ ಆ ಅಲಗನ್ನು ತಗಡಿನಿಂದ ತೆಗೆಯುವಾಗ ಅದು ನವಿಲುಗರಿಯಷ್ಟು ನೀಲಿ ಇತ್ತು. ಏನೋ ಲೆಕ್ಕ ಇಟ್ಟುಕೊಂಡೇ ಬಿಟ್ಟಿದ್ದಾನೆ ಅಂದುಕೊಂಡಿದ್ದೆ.

ಎರಡನೆಯದು ಹಳೇ ಅರ. ಗರಗಸ ಮಸೆಯುವ ದೊಡ್ಡ ಅರದ ಉಕ್ಕು ಪಟ್ಟಾಕ್ಕಿಂತ ಬಿರುಸು. ಸಾಣೆಗೆ ಹಿಡಿದರೆ ಕಿಡಿ ಮತಾಪಿನ ಹಾಗೆ ಸಿಡಿಯುತ್ತದೆ. ಅದರ ಹಲ್ಲುಗಳನ್ನು ಪೂರ್ತಿ ತೇದು ಹಾಕದಿದ್ದರೆ ಬಡಿಯುವಾಗ ಒಳಕ್ಕೆ ಮಡಚಿ ಬಿರುಕು ಬಿಡುತ್ತದೆ. ಅದನ್ನು ತೇಯುವುದರಲ್ಲೇ ನನಗೆ ಒಂದು ದಿನ ಹೋಯಿತು. ಬಡಿದೆವು, ಅವನು ನೀರು ಕೊಟ್ಟ, ತಗಡಿನ ಮೇಲಿಟ್ಟ, ತೆಗೆದ. ನಾನು ಬಗ್ಗಿ ನೋಡಿದೆ. ಬೆಳ್ಳಗೇ ಇತ್ತು. ಒಣಹುಲ್ಲೂ ಇಲ್ಲ, ಏನೂ ಇಲ್ಲ. ಮಾತು ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ತೊಗಲಿನ ಮೇಲೆ ಹದಿನೆಂಟು ಗೀಟು ಬೆಣ್ಣೆಯಂತೆ ಎಳೆಯಿತು. ಅವನಿಗೆ ಹಿಗ್ಗೋ ಹಿಗ್ಗು. ಹತ್ತೊಂಬತ್ತನೆಯದಕ್ಕೆ ಅಲಗು ಮೊಳೆಗೆ ತಾಗಿ, ತುದಿ ಎರಡು ಬೆರಳು ಉದ್ದ ಮುರಿದು ನನ್ನ ಕೆನ್ನೆಯ ಪಕ್ಕ ಹಾದುಹೋಯಿತು.

"ಥೂ! ಈ ಅರನೂ ಡೂಪ್ಲಿಕೇಟು" ಅಂತ ಬಾನಿಗೆ ಒದ್ದ.

ಆಗ ನನಗೆ ಹೊಳೆಯಿತು. ಒಂದು ತೀರ ಮೆತ್ತಗೆ, ಇನ್ನೊಂದು ತೀರ ಬಿರುಸು. ಒಂದು ನೀಲಿಗೆ ಹೋಗಿತ್ತು, ಇನ್ನೊಂದಕ್ಕೆ ಬಣ್ಣವೇ ಬಂದಿರಲಿಲ್ಲ. ಉಕ್ಕು ಕೆಟ್ಟದ್ದಾದರೆ ಎರಡು ದಿಕ್ಕಿಗೆ ಹೇಗೆ ಕೆಡುತ್ತದೆ?

ಮಾರನೆಯ ಬೆಳಗ್ಗೆ ಅವನು ಟೀ ಕುಡಿಯಲು ಹೋದಾಗ ಪಟ್ಟಾದ ಮೂರು ಚೂರುಗಳನ್ನು ಉಜ್ಜಿ, ಒಂದನ್ನು ಬೆಳ್ಳಗೆ, ಒಂದನ್ನು ಹುಲ್ಲಿನ ಬಣ್ಣಕ್ಕೆ, ಒಂದನ್ನು ನೀಲಿಗೆ ತಂದು ಬಾಗಿಲ ಬೆಳಕಿನಲ್ಲಿ ಸಾಲಾಗಿ ಇಟ್ಟೆ. ಬಂದವನಿಗೆ, "ಆ ಉಲ್ಲಿನ ಬಣ್ಣದ್ದು ತಕೊಡು, ಕತ್ತರಿಗೆ ಬೇಕು" ಅಂದೆ. ಅವನು ಮೂರನ್ನೂ ಕೈಯಲ್ಲಿ ಹಿಡಿದ, ಮೂಗಿನ ಹತ್ತಿರ ತಂದ, ಬೆರಳಿನಿಂದ ಸವರಿದ. "ಮೂರೂ ಅದೇಯಲ್ಲಮ್ಮಿ" ಅಂದು ನೀಲಿಯದನ್ನು ಕೊಟ್ಟ.

ಅವನಿಗೆ ಕಾಣುವುದಿಲ್ಲ ಅಂತ ನನಗೆ ಆವತ್ತೇ ಗೊತ್ತಾಯಿತು. ಎಲ್ಲವೂ ಅವನಿಗೆ ಹಳೇ ಕಾಗದದ ಹಾಗೆ ಹಳದಿಯಾಗಿ ಕಾಣುತ್ತಿದ್ದಿರಬೇಕು. ಎಷ್ಟು ದಿನದಿಂದಲೋ ಏನೋ. ಬಣ್ಣದ ಹೊತ್ತಿನಲ್ಲಿ ಮಾತಾಡಬಾರದು ಅನ್ನುವ ಕಟ್ಟಿನ ಹಿಂದೆ ಅವನು ಬಚ್ಚಿಟ್ಟುಕೊಂಡಿದ್ದ. ನಾವಿಬ್ಬರೇ ಇದ್ದೆವು, ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ಅಯ್ಯೋ ಪಾಪ ಅನ್ನಿಸಲೂ ಇಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯೇ ಆಯಿತು.

ಮೂರನೆಯ ಉಕ್ಕನ್ನು ಹುಡುಕಿದವಳು ನಾನು. ಚಾಮರಾಜನಗರದ ಗುಜರಿಯಲ್ಲಿ ಜಲ್ಲಿ ಕ್ರಷರಿನ ದೊಡ್ಡ ಬೇರಿಂಗ್ ಇತ್ತು, ಊಟದ ತಟ್ಟೆಯಷ್ಟು ಅಗಲ. ಅದರ ಹೊರಗಿನ ಬಳೆಯ ಉಕ್ಕೇ ಡಾಕ್ಟರ ಕೆಲಸಕ್ಕೆ ಸರಿ ಅಂತ ನನಗೆ ಅನುಮಾನವಿರಲಿಲ್ಲ. ವರ್ಷಗಟ್ಟಲೆ ಗುಂಡು ಉರುಳಿದರೂ ಸವೆಯದಿರುವುದು ಅದರ ಗುಣ. ಆದರೆ ಅದು ಮೊಂಡು ಜಾತಿ. ಜಾಸ್ತಿ ಕಾಯಿಸಿದರೆ ಹಾಳು, ಆರಿದ ಮೇಲೆ ಒಂದು ಪೆಟ್ಟು ಬಿದ್ದರೂ ಬಿರುಕು. ಪಟ್ಟಾದ ಹಾಗೆ ಕ್ಷಮಿಸುವುದಿಲ್ಲ. ಕಣ್ಣಿಲ್ಲದವನ ಕೈಗೆ ಆ ಉಕ್ಕು ಕೊಡುವುದೆಂದರೆ ಅವನನ್ನು ಬಾವಿಗೆ ತಳ್ಳಿದಂತೆ. ಅದು ಗೊತ್ತಿದ್ದೇ ತಂದೆ.

ಬಳೆಯನ್ನು ಕತ್ತರಿಸಿ ನೇರ ಮಾಡಿದರೆ ಎರಡು ಅಲಗಿಗೆ ಆಗುವಷ್ಟು ಮಾಲು. ಮೂರು ದಿನ ಬಡಿದೆವು. ಅವನು ಚಿಕ್ಕ ಸುತ್ತಿಗೆಯಿಂದ ಜಾಗ ತೋರಿಸುವುದು, ನಾನು ಸಮ್ಮಟಿ ಇಳಿಸುವುದು. ಬಡಿದು ಮುಗಿದ ಮೇಲೆ ಮೂರು ಸಲ ಕಾಯಿಸಿ ಬೂದಿಯಲ್ಲಿ ತಣಿಯಲು ಬಿಟ್ಟೆವು. ಈ ಉಕ್ಕಿಗೆ ನೀರು ಆಗುವುದಿಲ್ಲ, ಎಣ್ಣೆಯೇ ಬೇಕು. ಬಾನಿಯ ನೀರು ಚೆಲ್ಲಿ, ಹೊಂಗೆ ಎಣ್ಣೆ ತುಂಬಿ ಬೆಚ್ಚಗೆ ಮಾಡಿದೆ. ಬಾನಿಯನ್ನು ನಾನು ಮುಟ್ಟಿದ್ದಕ್ಕೆ ಅವನು ಗುರುಗುಟ್ಟಿದ.

"ಕಾವು ನೋಡಕ್ಕೆ ಅಯಸ್ಕಾಂತ ಮಡಿಕೊ" ಅಂತ ಹಳೇ ಸ್ಪೀಕರಿನಿಂದ ಬಿಚ್ಚಿದ್ದನ್ನು ಕೊಡಲು ಹೋದೆ. ಉಕ್ಕು ಸರಿಯಾಗಿ ಕಾದರೆ ಅಯಸ್ಕಾಂತ ಅದನ್ನು ಹಿಡಿಯುವುದಿಲ್ಲ. ಅದಕ್ಕೆ ಕಣ್ಣು ಬೇಡ.

"ನಮ್ಮಪ್ಪ ಮಡಿಕಂಡಿದ್ನಾ? ಅತ್ಲಾಗೆ ಓಗು" ಅಂತ ಅದನ್ನು ಕಿತ್ತು ಎಸೆದ.

ಅಲಗು ಕೆಂಪಾಯಿತು. ಕಿತ್ತಳೆಯಾಯಿತು. ಅವನು ಇನ್ನೂ ಗಾಳಿ ಹಾಕುತ್ತಿದ್ದ. ನಿಂಬೆ ಬಣ್ಣಕ್ಕೆ ಬಂತು, ಅತಿಯಾದ ಕಾವು. ಮೂರು ದಿನ ಹೊಡೆದದ್ದು ನನ್ನ ತೋಳು. ಆದರೂ ತುಟಿ ಬಿಚ್ಚಲಿಲ್ಲ. ಅದ್ದಿದ. ಎಣ್ಣೆ ಭಗ್ ಅಂತ ಹೊತ್ತಿಕೊಂಡಿತು, ಅದರೊಳಗಿಂದ ಟಿಣ್ ಅಂತ ಒಂದು ಸದ್ದು. ಆ ಸದ್ದು ಕೇಳಿದ ಮೇಲೆ ಅಲಗನ್ನು ತೆಗೆದು ನೋಡುವ ಅಗತ್ಯವೂ ಇಲ್ಲ. ಬೆನ್ನಿನಿಂದ ಅಂಚಿನವರೆಗೆ ಕೂದಲೆಳೆಯ ಬಿರುಕು.

ಅವನು ತಿರುಗಿದವನೇ ಇಕ್ಕಳದ ಹಿಡಿಯಿಂದ ನನ್ನ ಮೊಣಕೈಗೆ ಬಿಟ್ಟ. "ಮುಂಡೆ, ನಿನ್ನ ನೆರಳು ಬಿದ್ದದ್ದು ಕಾಣ್ನಿಲ್ಲ ಅಂದ್ಕಂಡ್ಯಾ? ಬಾನಿ ಮುಟ್ಟಬ್ಯಾಡ ಅಂದ್ರೆ ಮುಟ್ಟಿದೆ. ಮೈಲಿಗೆ ಮಾಡಿದೆ!" ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಪಕ್ಕದ ಅಂಗಡಿಯವಳು, "ಯಾಕಮ್ಮಿ, ಗಂಡಸ್ರ ಕೆಲ್ಸಕ್ಕೆ ನೀ ಯಾಕೆ ಕೈ ಆಕ್ದೆ?" ಅಂದಳು. ಅವಳಿಗೂ ನಾನೇ ತಪ್ಪಿತಸ್ಥೆ.

ಅವನು ಎದ್ದುಹೋದ ಮೇಲೆ ಬಿರುಕಿನ ಅಲಗನ್ನು ಅಡಿಗಲ್ಲಿನ ಅಂಚಿಗೆ ಕೊಟ್ಟು ಮುರಿದೆ. ಸರಿಯಾಗಿ ಕಾದ ಉಕ್ಕು ಮುರಿದರೆ ಒಳಗೆ ರಾಗಿ ಹಿಟ್ಟಿನಷ್ಟು ನುಣ್ಣಗಿರಬೇಕು. ಇದು ಸಕ್ಕರೆಯ ಹರಳಿನಂತಿತ್ತು. ಅತಿ ಕಾವಿಗೆ ಅದೇ ಸಾಕ್ಷಿ. ಆ ಎರಡು ತುಂಡುಗಳನ್ನು ಸೆರಗಿನಲ್ಲಿ ಕಟ್ಟಿಟ್ಟುಕೊಂಡೆ. ಡಾಕ್ಟರು ಬರಲಿ ಅಂತ.

ಉಳಿದ ಅರ್ಧದಿಂದ ಇನ್ನೊಂದು ಅಲಗು ಆಯಿತು. ಇದೂ ಹೋದರೆ ಮಾಲಿಲ್ಲ. ನೀರು ಕೊಡುವ ದಿನ ಡಾಕ್ಟರು ನೋಡಬೇಕು ಅಂತ ಬಂದರು, ಜೊತೆಗೆ ಅವರ ಡ್ರೈವರು. ನನ್ನ ಗಂಡ ಮಿಂದು, ವಿಭೂತಿ ಇಟ್ಟುಕೊಂಡು ನಿಂತಿದ್ದ. ಅವರ ಮುಂದೆ ಎದೆ ಸೆಟೆಸಿ, "ಓದ್ಸಲದ್ದು ಎಂಗಸಿನ ನೆರಳಿಂದ ಕೆಡ್ತು ಸಾ. ಇವತ್ತು ಅವಳನ್ನ ಆಚೆಗೆ ನಿಲ್ಸಿವ್ನಿ" ಅಂದ. ಡ್ರೈವರು ನಕ್ಕ.

ಅಲಗು ಬೆಂಕಿಗೆ ಹೋಯಿತು. ಕಿತ್ತಳೆಗೆ ಬಂದು ಅದನ್ನೂ ದಾಟಲು ಹೊರಟಿತು. ನಾನು ಬಾಗಿಲ ಹೊರಗಿನಿಂದ ಒಳಕ್ಕೆ ಬಂದು, ಗಾಳಿಯ ಮೋಟರಿನ ಸ್ವಿಚ್ಚು ಆರಿಸಿದೆ.

"ಸಾಕು" ಅಂದೆ.

ಆ ಮಾತನ್ನು ಅಲ್ಲಿ ಯಾರೂ ಆಡಿರಲಿಲ್ಲ. ಅವನು ಇಕ್ಕಳ ಎತ್ತಿದ. ನಾನು ಹಿಂದೆ ಸರಿಯಲಿಲ್ಲ.

"ಒಡಿ. ಎಲ್ಲಿಗೆ ಒಡೀತೀಯ? ನಾನೆಲ್ಲಿ ನಿಂತಿವ್ನಿ ಅಂತ ಕಾಣ್ತದಾ? ಸಾ, ಇವನಿಗೆ ಕಣ್ಣು ಕಾಣಕ್ಕಿಲ್ಲ. ಅಲಗು ಕೆಡೋದು ಉಕ್ಕಿಂದ ಅಲ್ಲ, ನನ್ನ ನೆರಳಿಂದಲೂ ಅಲ್ಲ, ಇವನ ಕಣ್ಣಿಂದ." ಸೆರಗು ಬಿಚ್ಚಿ ಮುರಿದ ತುಂಡುಗಳನ್ನು ಡಾಕ್ಟರ ಕೈಗೆ ಹಾಕಿದೆ. "ಈ ಸಕ್ಕರೆ ನೋಡಿ." ಆಮೇಲೆ ಮಸಿಬಟ್ಟೆಯನ್ನು ಗಂಡನ ಮುಖದ ಮುಂದೆ ಹಿಡಿದೆ. "ಯೋಳು, ಇದು ಯಾವ ಬಣ್ಣ? ಕೆಂಪಾ, ನೀಲಿಯಾ? ಡಾಕ್ಟ್ರಿಗೆ ಯೋಳು. ನೀರು ಕೊಡೋ ಗಂಡ್ಸು ನೀನು, ಬಣ್ಣ ಯೋಳು!"

"ಕೆಂಪು" ಅಂದ. ಬಟ್ಟೆ ನೀಲಿ ಇತ್ತು. ಡ್ರೈವರು ಈ ಸಲ ನಗಲಿಲ್ಲ. ಇಕ್ಕಳ ಅವನ ಕೈಯಿಂದ ಜಾರಿತು. ಅದನ್ನು ನಾನು ಎತ್ತಿಕೊಂಡೆ.

ಗಾಳಿ ಹಾಕಿ, ಬೆಂಕಿಯಲ್ಲೇ ಇದ್ದ ಅಲಗನ್ನು ಮತ್ತೆ ಮೆಲ್ಲಗೆ ಕಾಯಿಸಿದೆ. ಅವನು ಎಸೆದ ದಿನ ಎತ್ತಿಟ್ಟುಕೊಂಡಿದ್ದ ಅಯಸ್ಕಾಂತ ಅಲಗನ್ನು ಹಿಡಿಯುವುದನ್ನು ಬಿಟ್ಟಿತು. ಅದಾದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಅದೇ ಕಾವಿನಲ್ಲಿ ನಿಲ್ಲಿಸಿ, ತುದಿ ಮುಂದಾಗಿ ಎಣ್ಣೆಗೆ ಇಳಿಸಿದೆ. ಟಿಣ್ ಅನ್ನಲಿಲ್ಲ. ಉಜ್ಜಿ ಹೊಳಪು ಬರಿಸಿ ತಗಡಿನ ಮೇಲಿಟ್ಟೆ. ಹುಲ್ಲಿನ ಬಣ್ಣ ಬಂತು. ಅಂಚಿನಲ್ಲಿ ಬೆಲ್ಲದ ಕೆಂಚು ಇನ್ನೇನು ಮೂಡುತ್ತದೆ ಅನ್ನುವಾಗ ತೆಗೆದೆ. ಹೀಗೇ ಮೂರು ಸಲ. ಇಪ್ಪತ್ತು ವರ್ಷ ನೋಡಿದ್ದನ್ನು ಕೈ ಸುಮ್ಮನೆ ಮಾಡಿತು. ಅವನು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಅಳುತ್ತಿದ್ದ. ಡಾಕ್ಟರು ಹತ್ತಿರ ಹೋಗಿ, ಅವನ ರೆಪ್ಪೆ ಬಿಡಿಸಿ, ಫೋನಿನಲ್ಲಿ ಎರಡೂ ಕಣ್ಣಿನ ಫೋಟೋ ತೆಗೆದುಕೊಂಡರು. "ನಾನು ಮಾಟ್ಟು ಡಾಕ್ಟರ್, ದನದ ಡಾಕ್ಟರ್. ಕಣ್ಣಿನ ಡಾಕ್ಟರ್ ಫ್ರೆಂಡಿಗೆ ಕಳಿಸಿ ಕೇಳ್ತೀನಿ" ಅಂದರು.

ಹುಣಸೆ ಮರದ ಹಿಡಿ ಹಾಕಿ, ರಕ್ತ ಕೊಬ್ಬಿಗೆ ಜಾರದಂತೆ ಗೀರು ಕೊಯ್ದು ನೂಲು ಸುತ್ತಿ ಕೊಟ್ಟೆ. ಎತ್ತಿನ ತೊಗಲಿನ ಮೇಲೆ ಅರವತ್ತು ಗೀಟು ಎಳೆದು ನಿಲ್ಲಿಸಿದ್ದೆವು, ತೊಗಲು ಮುಗಿದಿದ್ದರಿಂದ.

ಹತ್ತು ಹನ್ನೆರಡು ದಿನಕ್ಕೆ ತಾಳಮಲೆ ಕಾಡಂಚಿನಲ್ಲಿ ಒಂದು ಆನೆ ಸತ್ತಿತು. ಮಸೆಗಲ್ಲು ಹಿಡಿದು ಬಾ ಅಂತ ಡಾಕ್ಟರು ಜೀಪು ಕಳಿಸಿದರು. ಹೊರಡುವಾಗ ನನ್ನ ಗಂಡ ಅಂಗಳದ ತನಕ ತಡವರಿಸಿಕೊಂಡು ಬಂದ. ಆವತ್ತಿನಿಂದ ಮಾತು ಬಿಟ್ಟಿದ್ದವನು, "ಡಾಕ್ಟ್ರ ಕೇಳಮ್ಮಿ" ಅಂದ. "ಪೊರೆಯಾ ಅಂತ ಕೇಳು. ಪೊರೆಯಾದ್ರೆ ತಗಸ್ಬೋದಂತಲ್ಲ. ಮರೀಬ್ಯಾಡ."

ಸಲಗ ಮಗ್ಗುಲಾಗಿ ಬಿದ್ದಿತ್ತು. ಹೊಟ್ಟೆ ಉಬ್ಬಿ ಮೇಲಿನ ಎರಡು ಕಾಲು ಗಾಳಿಯಲ್ಲಿದ್ದವು. ನಾತಕ್ಕೆ ಡ್ರೈವರು ವಾಂತಿ ಮಾಡಿಕೊಂಡ. ಡಾಕ್ಟರು ಕತ್ತಿನಿಂದ ಹೊಟ್ಟೆಯವರೆಗೆ ಒಂದೇ ಗೀಟು ಎಳೆದರು. ಗೋಣಿತಾಟು ಹರಿಯುವ ಸದ್ದು. ಪಕ್ಕೆಲುಬಿಗೆ ತಾಗಿತು, ಚಕ್ಕೆ ಏಳಲಿಲ್ಲ. ನಾನು ಮಸೆಗಲ್ಲನ್ನು ಎರಡು ಸಲ ತೇವ ಮಾಡಿದ್ದೇ ಬಂತು, ಅವರು ಚಾಕು ಕೊಡಲಿಲ್ಲ. ಮುಗಿದ ಮೇಲೆ ಕೈ ತೊಳೆಯುತ್ತಾ, "ಇನ್ನೂ ಆರು ಬೇಕಮ್ಮ. ಇದಕ್ಕೆ ಹದ ಕೊಟ್ಟ ಕೈಯೇ ಕೊಡಬೇಕು" ಅಂದರು. ಆಮೇಲೆ ಜೇಬಿನಿಂದ ಚೀಟಿ ತೆಗೆದರು. "ಪೊರೆ, ಎರಡು ಕಣ್ಣೂ. ಚಿಕ್ಕ ಆಪರೇಷನ್ ಅಷ್ಟೇ. ಬರೋ ಭಾನುವಾರ ಚಾಮರಾಜನಗರದಲ್ಲಿ ಕ್ಯಾಂಪು, ಈ ಚೀಟಿ ತೋರಿಸಿದ್ರೆ ಆಯ್ತು. ಮೊದಲಿನ ಹಾಗೆ ಕಾಣುತ್ತೆ."

ಮೊದಲಿನ ಹಾಗೆ. ಜೀಪಿನಲ್ಲಿ ವಾಪಸು ಬರುವಷ್ಟು ಹೊತ್ತೂ ಆ ಎರಡು ಮಾತನ್ನೇ ಜಗಿದೆ. ಅವನಿಗೆ ಮೊದಲಿನ ಹಾಗೆ ಕಂಡರೆ ಇಕ್ಕಳ ಅವನ ಕೈಗೆ, ಸಮ್ಮಟಿ ನನ್ನ ಕೈಗೆ. ಆ ಆರು ಚಾಕು ಅವನವು.

ಅವನು ಹೊಸ್ತಿಲ ಮೇಲೆ ಕೂತಿದ್ದ. "ಏನಂದ್ರು?" ಅಂದ.

"ಪೊರೆ ಅಲ್ಲವಂತೆ. ನರ ಸತ್ತೋಗಿದ್ದದಂತೆ. ಏನೂ ಮಾಡಕ್ಕಾಗಕ್ಕಿಲ್ಲ ಅಂದ್ರು."

ಅವನು ಗೋಡೆ ತಡಕಿಕೊಂಡು ಎದ್ದು ನಿಂತ. ಆಮೇಲೆ, "ಅಂಗಾದ್ರೆ ಸಮ್ಮಟಿ ನಂಗೆ ಕೊಡು. ನೀ ಜಾಗ ತೋರ್ಸು" ಅಂದ.

ಭಾನುವಾರ ನಾನೊಬ್ಬಳೇ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ಗುಜರಿಯಲ್ಲಿ ಮೂರು ಬಳೆ ಆರಿಸಿ, ಒಂದೊಂದನ್ನೂ ಕಲ್ಲಿಗೆ ಉಜ್ಜಿ ನೋಡಿ ಚೀಲಕ್ಕೆ ಹಾಕಿದೆ. ಚೀಟಿಯನ್ನು ಅಲ್ಲೇ ಚರಂಡಿಗೆ ಬಿಟ್ಟೆ.

ಈಗ ನಾಲ್ಕನೆಯ ಚಾಕು ನಡೆಯುತ್ತಿದೆ. ಅವನು ಒಳ್ಳೆಯ ಹೊಡೆತಗಾರ, ನನ್ನ ಸುತ್ತಿಗೆಯ ಸದ್ದು ಹಿಡಿದು ಸಮ್ಮಟಿ ಇಳಿಸುತ್ತಾನೆ. ಮೊನ್ನೆ ದೊಡ್ಡಗಾಜನೂರಿನ ಗೌಡರೊಬ್ಬರು ಮಚ್ಚು ಕೊಡಲು ಬಂದರು. ಕಣ್ಣಿಗೆ ಕಪ್ಪು ಕನ್ನಡಕ. ಅದೇ ಕ್ಯಾಂಪಿನಲ್ಲಿ ಪೊರೆ ತೆಗೆಸಿಕೊಂಡು ಬಂದವರು. ನನ್ನ ಗಂಡನ ಮುಖದ ಹತ್ತಿರ ಬಗ್ಗಿ, "ನಿಂಗಿರೋದೂ ಅದೇ ಕಣ್ಲಾ, ಬೆಳ್ಳಗೆ ಕಾಣ್ತದೆ. ಓಗಿ ತಗಸ್ಕಳ್ಳಾ. ನಂಗೆ ಈಗ ಎಲ್ಲಾ ಒಸ್ದಾಗಿ ಕಾಣ್ತದೆ" ಅಂದರು.

ನನ್ನ ಕೈಯಲ್ಲಿ ಅಲಗು ಕಿತ್ತಳೆ ಬಣ್ಣಕ್ಕೆ ಬಂದಿತ್ತು. ಇಕ್ಕಳ ಹಿಡಿದು ಹಾಗೇ ನಿಂತೆ.

"ನಿಮ್ದು ಪೊರೆ ಗೌಡ್ರೇ" ಅಂದ ಅವನು, ಸಮ್ಮಟಿಯ ಮೇಲೆ ಎರಡೂ ಕೈ ಊರಿ. "ನಂದು ನರ. ನಮ್ಮವ್ಳು ಆನೆ ಕುಯ್ಯೋ ಜಾಗದ ತಂಕ ಓಗಿ ಡಾಕ್ಟ್ರ ಕೇಳ್ಕ ಬಂದವ್ಳೆ. ನಂಗೋಸ್ಕರ."

ಗೌಡರು ನನ್ನ ಕಡೆ ನೋಡಿದರು. ನಾನು ಅಲಗನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಾಗ ತೋರಿಸಿ, "ಒಡಿ" ಅಂದೆ. ಹೊಡೆದ.